ಹಿಂದಿನ ಸೀಟಿನಲ್ಲಿ ಕೂತು ಕೇಳಿ: ನಮ್ಮ ಪಿಕಪ್‌ಗೆ ಹಾಕಿದ ಹೊಸ ಸೈಲೆನ್ಸರ್

ನಮ್ಮ ಪಿಕಪ್‌ನ ಬಾನೆಟ್ ಕೆಳಗೆ ಇರುವುದು 5.3 ಲೀಟರಿನ ವಿ8 ಎಂಜಿನ್. ದನಿ ಮಾತ್ರ ಹೊಲಿಗೆ ಯಂತ್ರದ್ದು. ಆರು ವರ್ಷ ಹಾಗೇ ಓಡಿಸಿದೆ. ಮಕ್ಕಳನ್ನು ಶಾಲೆಗೆ ಬಿಡುವುದು, ಅತ್ತೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವುದು, ಟ್ರೇಲರ್ ಎಳೆಯುವುದು ಎಲ್ಲ ಇದರಲ್ಲೇ. ಇಷ್ಟು ದೊಡ್ಡ ಎಂಜಿನ್ ಇಟ್ಟುಕೊಂಡು ಪಿಸುಗುಟ್ಟುತ್ತಾ ಓಡಾಡುವುದು ಯಾಕೆ ಅಂತ ಒಂದು ದಿನ ಅನ್ನಿಸಿತು. "ಈ ಆಸೆ ನನಗೆ ಬರಬೇಕಿತ್ತು, ನಿನಗೆ ಹೇಗೆ ಬಂತೇ?" ಅಂದರು ನಮ್ಮೆಜಮಾನ್ರು. ಬಂತು, ಏನು ಮಾಡಲಿ.

ತರಿಸಿದ್ದು ಕ್ಯಾಟ್‌ಬ್ಯಾಕ್ ಕಿಟ್. ಕ್ಯಾಟಲಿಟಿಕ್ ಕನ್ವರ್ಟರ್ ಆದಮೇಲಿನ ಪೈಪು, ಸೈಲೆನ್ಸರ್, ತುದಿ ಇಷ್ಟೂ ಹೊಸದು. ಕನ್ವರ್ಟರ್ ಹಳೆಯದೇ, ಅದನ್ನು ಮುಟ್ಟಲಿಲ್ಲ. ಹೊಗೆ ಶುದ್ಧ ಮಾಡುವುದು ಅದೇ ತಾನೇ. ಸೆನ್ಸರ್‌ಗಳೂ ಅಲ್ಲೇ ಇರುವುದರಿಂದ ಡ್ಯಾಶ್‌ಬೋರ್ಡಿನಲ್ಲಿ ಯಾವ ಎಚ್ಚರಿಕೆ ದೀಪವೂ ಹತ್ತಲಿಲ್ಲ. ಪೈಪು 3 ಇಂಚಿನದು. ಸೈಲೆನ್ಸರ್ ಬರೀ 14 ಇಂಚು ಉದ್ದ, ನೇರ ಕೊಳವೆಯದು. ಅಂದರೆ ಒಳಗೆ ತೂತುತೂತಾದ ಒಂದು ಕೊಳವೆ, ಅದರ ಸುತ್ತ ಗಾಜಿನ ನಾರು ತುಂಬಿರುತ್ತದೆ. ಗಾಳಿಗೆ ಎಲ್ಲೂ ಅಡ್ಡಿ ಇಲ್ಲ.

ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಅಂತ ಬರೆದಿತ್ತು. ಮಗಳು ಫ್ರಿಜ್ ಮೇಲಿನ ಆಯಸ್ಕಾಂತ ತಂದು ಇಟ್ಟಳು. ತುದಿಗೆ ಅಂಟಲಿಲ್ಲ, ಪೈಪಿಗೆ ಟಪ್ ಅಂತ ಅಂಟಿತು. ಎರಡೂ ಸ್ಟೇನ್‌ಲೆಸ್ಸೇ, ಸುಳ್ಳಲ್ಲ. ಆದರೆ ಆಯಸ್ಕಾಂತಕ್ಕೆ ಅಂಟುವ 409 ದರ್ಜೆಗೆ ಮೇಲ್ಗಡೆ ಕಂದು ತುಕ್ಕು ಬೇಗ ಬರುತ್ತದೆ. ಅಂಟದ 304 ಜಾಸ್ತಿ ತಾಳುತ್ತದೆ. ಕಣ್ಣಿಗೆ ಕಾಣುವ ಕಡೆ 304, ಕಾಣದ ಕಡೆ 409! ಪೈಪು ತೂತು ಬೀಳುವಷ್ಟು ಕೆಟ್ಟದ್ದೇನಲ್ಲ, ವರ್ಷಗಟ್ಟಲೆ ಬಾಳುತ್ತದೆ. ಆದರೂ ಅದನ್ನು ಪೆಟ್ಟಿಗೆಯ ಮೇಲೆ ಬರೆಯಬೇಕಿತ್ತು. ಇಲ್ಲಿ ಅರ್ಧ ನಕ್ಷತ್ರ ಕಡಿತ.

ಕೂರಿಸಿದ ಕೆಲಸ ಚುಟುಕಾಗಿ ಹೇಳುತ್ತೇನೆ. ಹಿಂದಿನ ರಾತ್ರಿಯೇ ಬೋಲ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಟ್ಟಿದ್ದೆ. ಗಾಡಿಯನ್ನು ಜ್ಯಾಕ್ ಮೇಲಲ್ಲ, ಗಟ್ಟಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಜ್ಯಾಕ್ ನಂಬಿ ಕೆಳಗೆ ಮಲಗಬೇಡಿ, ದಯವಿಟ್ಟು. ಪೈಪು ತೂಗುಹಾಕುವ ರಬ್ಬರುಗಳಿಗೆ ಸೋಪು ನೀರು ಹಚ್ಚಿದರೆ ಜಾರಿಕೊಂಡು ಬರುತ್ತವೆ. ಕಂಪನಿಯ ಹಳೆಯ ಪೈಪು ಹಿಂದಿನ ಆಕ್ಸಲ್ ಮೇಲೆ ಹಾವಿನ ಹಾಗೆ ಬಾಗಿ ಹೋಗಿರುತ್ತದೆ, ಇಡಿಯಾಗಿ ಹೊರಗೆ ಬರುವುದೇ ಇಲ್ಲ. ಗರಗಸದಲ್ಲಿ ಎರಡು ತುಂಡು ಮಾಡಿದೆ. ಕೊಯ್ಯುವಾಗ ಮಾತ್ರ ಹೊಟ್ಟೆಯಲ್ಲಿ ಒಂಥರಾ ಆಯಿತು, ಇನ್ನು ಹಿಂದೆ ಹೋಗುವ ದಾರಿ ಇಲ್ಲವಲ್ಲ ಅಂತ. ಹೊಸದರ ಕ್ಲ್ಯಾಂಪುಗಳನ್ನು ಮೊದಲು ಸಡಿಲವಾಗಿಯೇ ಬಿಡಿ. ಎಲ್ಲ ಸರಿಯಾಗಿ ಕೂತ ಮೇಲೆ ಮುಂದಿನಿಂದ ಹಿಂದಕ್ಕೆ ಬಿಗಿ ಮಾಡುತ್ತಾ ಬನ್ನಿ. ನನಗೆ ಮಧ್ಯಾಹ್ನ ಪೂರ್ತಿ ಹಿಡಿಯಿತು, ಅರ್ಧ ಹೊತ್ತು ಮಗನ ಕೈಯಲ್ಲಿದ್ದ ಟಾರ್ಚ್ ಬೇರೆ ಕಡೆ ತಿರುಗಿದ್ದರಿಂದ.

ಕೀಲಿ ತಿರುಗಿಸಿದೆ. ಅಬ್ಬಾ! ಗಂಟಲಿನ ಆಳದಿಂದ ಬರುವ ಗುಡುಗುಡು. ಪೈಪಿಗೆ ಹತ್ತಿದ್ದ ಎಣ್ಣೆ ಸುಟ್ಟು ಸ್ವಲ್ಪ ಹೊಗೆ ಬಂತು, ಗಾಬರಿ ಬೇಡ, ಹತ್ತು ನಿಮಿಷದಲ್ಲಿ ನಿಲ್ಲುತ್ತದೆ. ಮಕ್ಕಳಿಬ್ಬರೂ ಕುಣಿದರು. ಕಾಲು ಒತ್ತಿದಾಗ ಏರುವ ದನಿ, ಬಿಟ್ಟಾಗ ಗುರುಗುಟ್ಟಿ ಇಳಿಯುವ ದನಿ, ಎರಡೂ ನಾನು ಬಯಸಿದ್ದೇ. ಶಕ್ತಿ ಜಾಸ್ತಿ ಆಯಿತಾ? ನನ್ನ ಕಾಲಿಗಂತೂ ಗೊತ್ತಾಗಲಿಲ್ಲ. ದನಿ ದೊಡ್ಡದಾದರೆ ಗಾಡಿ ಜೋರಾಗಿ ಹೋಗುತ್ತಿದೆ ಅನ್ನಿಸುತ್ತದೆ, ಅಷ್ಟೇ.

ಹೆದ್ದಾರಿಗೆ ಹೋದಾಗ ಅಸಲಿ ಕಥೆ ಶುರುವಾಯಿತು.

ಗಂಟೆಗೆ 100 ಕಿಲೋಮೀಟರ್ ವೇಗಕ್ಕೆ ನನ್ನ ಗಾಡಿಯ ಎಂಜಿನ್ ನಿಮಿಷಕ್ಕೆ ಸುಮಾರು 1800 ಸುತ್ತು ತಿರುಗುತ್ತದೆ. ಸಮತಟ್ಟು ರಸ್ತೆಯಲ್ಲಿ ಕಾಲು ಹಗುರ ಮಾಡಿದೆ. ತಲೆಯ ಮೇಲೆ ಖಾಲಿ ಡ್ರಮ್ ಮಗುಚಿ ಹಾಕಿ ಯಾರೋ ಒಂದೇ ಸಮ ಗುಂಯ್‌ಗುಟ್ಟಿದ ಹಾಗೆ ಆಯಿತು. ಮುಂದಿನ ಸೀಟಿನಲ್ಲಿ ಹೇಗೋ ತಡೆಯಬಹುದು. ಹಿಂದೆ ಕೂತಿದ್ದ ಅತ್ತೆ ಅರ್ಧ ಗಂಟೆ ಸುಮ್ಮನಿದ್ದು, "ಗಾಡಿ ಕೆಟ್ಟಿದೆಯೇನಮ್ಮಾ? ನಿಲ್ಲಿಸಿ ನೋಡಬಾರದಾ?" ಅಂದರು. ದಾರಿಯುದ್ದಕ್ಕೂ ನಿದ್ದೆ ಮಾಡುವ ಮಗನೂ ಆವತ್ತು ಕಣ್ಣು ಮುಚ್ಚಲಿಲ್ಲ.

ಮನೆಗೆ ಬಂದು ಲೆಕ್ಕ ಹಾಕಿದೆ. 1800 ಅಂದರೆ ಸೆಕೆಂಡಿಗೆ 30 ಸುತ್ತು. ಪ್ರತಿ ಸಿಲಿಂಡರೂ ಎರಡು ಸುತ್ತಿಗೆ ಒಮ್ಮೆ ಉರಿಯುತ್ತದೆ. ಎಂಟು ಸಿಲಿಂಡರಿಗೆ ಸುತ್ತಿಗೆ ನಾಲ್ಕು ಬಾರಿ, ಸೆಕೆಂಡಿಗೆ 120 ಬಡಿತ. ಆದರೆ ಇಂಧನ ಉಳಿಸಲು ನನ್ನ ಗಾಡಿಯ ಕಂಪ್ಯೂಟರ್ ಹಗುರವಾಗಿ ಓಡುವಾಗ ನಾಲ್ಕು ಸಿಲಿಂಡರ್ ಮಲಗಿಸುತ್ತದೆ. ಬಡಿತ ಅರ್ಧಕ್ಕೆ, ಅಂದರೆ 60 ಹರ್ಟ್ಸ್‌ಗೆ ಇಳಿಯುತ್ತದೆ. ಗಾಜಿನ ನಾರು ಕಿರಿಚುವ ದನಿಯನ್ನು ಚೆನ್ನಾಗಿ ಹೀರುತ್ತದೆ, ಇಷ್ಟು ತಗ್ಗಿನದ್ದು ಅದರ ಕೈಗೆ ಸಿಗುವುದೇ ಇಲ್ಲ. 60 ಹರ್ಟ್ಸ್ ಅಲೆಯ ಉದ್ದ ಐದೂವರೆ ಮೀಟರಿಗಿಂತ ಜಾಸ್ತಿ. ಕಾರ್ಪೆಟ್ಟು, ಬಾಗಿಲಿನ ರಬ್ಬರು ಅದಕ್ಕೆ ಯಾವ ಲೆಕ್ಕ!

ಫೋನಿನಲ್ಲಿ ಶಬ್ದ ಅಳೆದು ಮೊದಲು ನಾನು ಮೋಸ ಹೋದೆ. ಹಳೆಯ ಸೈಲೆನ್ಸರಿನಲ್ಲಿ 67 ಡೆಸಿಬೆಲ್, ಹೊಸದರಲ್ಲಿ 69. ಇಷ್ಟಕ್ಕೇ ತಲೆನೋವಾ ಅಂತ ಇವರು ನಕ್ಕರು. ಆಮೇಲೆ ತಿಳಿಯಿತು, ಆ್ಯಪ್ ಇದ್ದದ್ದು ಎ ಮಾಪಕದಲ್ಲಿ. ತಗ್ಗಿನ ದನಿ ಕಿವಿಗೆ ಕಡಿಮೆ ಕೇಳುತ್ತದೆ ಅನ್ನುವ ಲೆಕ್ಕದಲ್ಲಿ ಅದು 63 ಹರ್ಟ್ಸ್‌ನಲ್ಲಿ 26 ಡೆಸಿಬೆಲ್ ಕಳೆದೇ ತೋರಿಸುತ್ತದೆ. ತಗ್ಗಿನ ದನಿಯನ್ನು ಅಷ್ಟಾಗಿ ಕಳೆಯದ ಸಿ ಮಾಪಕಕ್ಕೆ ಬದಲಾಯಿಸಿದಾಗ 93 ಬಂತು. ಹಳೆಯ ಸೈಲೆನ್ಸರ್ ಇದ್ದಾಗ ಸುಮ್ನೆ ಅಂತ ಬರೆದಿಟ್ಟಿದ್ದ ಸಿ ಲೆಕ್ಕ 84. ಫೋನಿನ ಮೈಕು ಪ್ರಯೋಗಾಲಯದ್ದಲ್ಲ, ಒಪ್ಪುತ್ತೇನೆ. ಆದರೆ ಒಂದೇ ಫೋನು, ಒಂದೇ ಸೀಟು, ಒಂದೇ ರಸ್ತೆ. ವ್ಯತ್ಯಾಸವಂತೂ ನಿಜ.

ಪರಿಹಾರ ಹುಡುಕಿದೆ. ಗೇರನ್ನು ಕೈಯಿಂದ ಹಾಕುವ ಮೋಡ್‌ಗೆ ತಿರುಗಿಸಿದರೆ ನನ್ನ ಗಾಡಿಯಲ್ಲಿ ಎಂಟೂ ಸಿಲಿಂಡರ್ ಎದ್ದೇ ಇರುತ್ತವೆ, ಗುಂಯ್ ಮಾಯ. ಇಂಧನ ಸ್ವಲ್ಪ ಜಾಸ್ತಿ ಕುಡಿಯುತ್ತದೆ. ಇನ್ನೊಂದು ದಾರಿ, ತುದಿ ಮುಚ್ಚಿದ ಕವಲು ಕೊಳವೆ ಬೆಸೆಯುವುದು. ಅಲೆಯ ಕಾಲು ಭಾಗದಷ್ಟು ಉದ್ದ ಇಟ್ಟರೆ ದನಿ ಹೋಗಿ ತಿರುಗಿ ಬಂದು ತನ್ನನ್ನು ತಾನೇ ಕೊಲ್ಲುತ್ತದೆ. 60 ಹರ್ಟ್ಸ್‌ಗೆ ತಣ್ಣನೆ ಗಾಳಿಯಲ್ಲೇ 1.4 ಮೀಟರ್ ಬೇಕು, ಬಿಸಿ ಹೊಗೆಯಲ್ಲಿ ಇನ್ನೂ ಉದ್ದ. ಸ್ಪೇರ್ ಟೈರಿನ ಪಕ್ಕ ಅಷ್ಟು ಜಾಗ ಎಲ್ಲಿದೆ?

ಕೊನೆಗೆ ಅದೇ ಕಂಪನಿಯ ಕೋಣೆಗಳಿರುವ ದೊಡ್ಡ ಸೈಲೆನ್ಸರಿಗೆ ಬದಲಾಯಿಸಿಕೊಂಡೆ. ಒಳಗೆ ಗೋಡೆಗಳಿದ್ದು ದನಿ ಒಂದಕ್ಕೊಂದು ಡಿಕ್ಕಿ ಹೊಡೆದು ತಣ್ಣಗಾಗುವ ಜಾತಿ. ವಾಪಸ್ ತೆಗೆದುಕೊಳ್ಳಲು ಅವರು ತಕರಾರು ಮಾಡಲಿಲ್ಲ, ಅದಕ್ಕೆ ಪೂರ್ತಿ ಅಂಕ. ಆದರೆ ಹೋಗಿ ಬರುವ ಸಾಗಣೆ ಖರ್ಚು ನನ್ನ ತಲೆಗೇ ಬಿತ್ತು. ಸಿಲಿಂಡರ್ ಮಲಗಿಸುವ ಎಂಜಿನ್‌ಗೆ ಗಿಡ್ಡ ಸೈಲೆನ್ಸರ್ ಬೇಡ ಅಂತ ಕಿಟ್ ಆಯ್ಕೆ ಮಾಡುವಾಗಲೇ ಒಂದು ಸಾಲು ಹೇಳಿದ್ದರೆ ಇದೆಲ್ಲ ಬೇಕಿರಲಿಲ್ಲ ಅಲ್ವಾ?

ಈಗ ಸಿ ಮಾಪಕದಲ್ಲಿ 87. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಆ ಮೊದಲ ದಿನದ ಗುಡುಗು ಇಲ್ಲ. ಅದರ ಮುಕ್ಕಾಲು ಪಾಲು ಇದೆ, ನೆರೆಯವರೂ ಮಾತಾಡಿಸುತ್ತಿದ್ದಾರೆ. ಏರು ಹತ್ತುವಾಗ ಮಾತ್ರ ವಿ8 ತಾನು ವಿ8 ಅಂತ ಹೇಳಿಕೊಳ್ಳುತ್ತದೆ. ಕೊಳ್ಳುವ ಮೊದಲು ನಾನು ನೋಡಿದ ವಿಡಿಯೋಗಳಲ್ಲೆಲ್ಲ ಮೈಕು ಗಾಡಿಯ ಹಿಂದೆ ನೆಲದ ಮೇಲೆ ಇರುತ್ತಿತ್ತು. ಅಲ್ಲಿ ಯಾರು ಕೂರುತ್ತಾರೆ? ಇದೇ ಎಂಜಿನ್, ಇದೇ ಸೈಲೆನ್ಸರ್ ಇರುವವರು ಸಿಕ್ಕರೆ ಅವರ ಗಾಡಿಯ ಹಿಂದಿನ ಸೀಟಿನಲ್ಲಿ ಹೆದ್ದಾರಿಯಲ್ಲಿ ಇಪ್ಪತ್ತು ನಿಮಿಷ ಕೂತು ಬನ್ನಿ.

ಗಿಡ್ಡದಕ್ಕೆ ಎರಡು ನಕ್ಷತ್ರ, ದೊಡ್ಡದಕ್ಕೆ ನಾಲ್ಕು. 150 ಕಿಲೋಮೀಟರ್ ಓಡಿದ ಮೇಲೆ ಕ್ಲ್ಯಾಂಪುಗಳನ್ನು ಮತ್ತೊಮ್ಮೆ ಬಿಗಿ ಮಾಡಿದೆ, ಎರಡು ಸಡಿಲವಾಗಿದ್ದವು. ಕಳೆದ ವಾರ ಅತ್ತೆ ಹೋಗುವಾಗಲೂ ಬರುವಾಗಲೂ ನಿದ್ದೆ ಹೋಗಿದ್ದರು. ಹಳೆಯ ಸೈಲೆನ್ಸರ್ ಇನ್ನೂ ಶೆಡ್ಡಿನ ಮೂಲೆಯಲ್ಲಿ ಎರಡು ತುಂಡಾಗಿ ಬಿದ್ದಿದೆ. ಇವರು ಎಸೆಯಲು ಬಿಡುತ್ತಿಲ್ಲ.