ಮಳೆಗಾಲ ಮುಗಿದ ಮೇಲೆ ಚೋರ್ಲಾ ಘಾಟ್: ಒಂದು ದಿನದ ಪ್ರವಾಸ ಸೇವೆಯ ವಿಮರ್ಶೆ

ನವರಾತ್ರಿಯಿಂದ ದೀಪಾವಳಿಯವರೆಗಿನ ವಾರಗಳಲ್ಲಿ ಬೆಳಗಾವಿಯಿಂದ ಜಾಂಬೋಟಿ, ಕಣಕುಂಬಿ ಮಾರ್ಗವಾಗಿ ಚೋರ್ಲಾ ಘಾಟ್‌ಗೆ ಟೆಂಪೋ ಟ್ರಾವೆಲರ್‌ನಲ್ಲಿ ಕರೆದೊಯ್ಯುವ ಸ್ಥಳೀಯ ಸಂಸ್ಥೆಯೊಂದರ ಸೇವೆಯನ್ನು ನಮ್ಮ ಕುಟುಂಬ ಈಚೆಗೆ ಬಳಸಿಕೊಂಡಿತು. ಋತುವಿನ ಆಯ್ಕೆಯಂತೂ ಸರಿಯಾಗಿದೆ. ಆಷಾಢ, ಶ್ರಾವಣಗಳಲ್ಲಿ ಮಂಜು ಕವಿದು ಏನೂ ಕಾಣದ ಕಣಿವೆ ಈಗ ತಳದವರೆಗೂ ತೆರೆದುಕೊಂಡಿರುತ್ತದೆ, ಖಾನಾಪುರ ತಾಲ್ಲೂಕಿನ ಭತ್ತದ ಗದ್ದೆಗಳು ಹಳದಿಗೆ ತಿರುಗುತ್ತಿರುತ್ತವೆ.

ಪ್ರವಾಸದ ಜೀವಾಳ ಕಣಕುಂಬಿ. ಇಲ್ಲಿನ ಮಾವುಲಿ ದೇವಸ್ಥಾನದ ಪರಿಸರದಲ್ಲಿ ಹುಟ್ಟುವ ಮಲಪ್ರಭೆಯೇ ಸವದತ್ತಿಯ ಬಳಿ ನವಿಲುತೀರ್ಥ ಅಣೆಕಟ್ಟಿನ ಹಿಂದೆ ವಿಶಾಲವಾಗಿ ನಿಂತು, ಬಾದಾಮಿ, ಪಟ್ಟದಕಲ್ಲು, ಐಹೊಳೆಗಳನ್ನು ಹಾದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ ಎಂಬುದನ್ನು ಮಾರ್ಗದರ್ಶಕರು ಮಕ್ಕಳಿಗೂ ತಿಳಿಯುವಂತೆ, ನೆಲದ ಮೇಲೆ ಕಡ್ಡಿಯಿಂದ ಗೆರೆ ಎಳೆದು ವಿವರಿಸಿದರು. ಅಷ್ಟು ದೊಡ್ಡ ನದಿಯ ಆರಂಭ ಇಷ್ಟು ಸದ್ದಿಲ್ಲದ ಜಾಗದಲ್ಲಿದೆ ಎಂದು ನಮ್ಮ ಹಿರಿಯರು ಬಹಳ ಹೊತ್ತು ಅಲ್ಲಿಂದ ಕದಲಲಿಲ್ಲ.

ಊಟಕ್ಕೆ ಕಟ್ಟಿಕೊಟ್ಟ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಚೆನ್ನಾಗಿದ್ದವು. ಚಾಲಕರು ಪ್ರತಿ ತಿರುವಿನಲ್ಲೂ ಹಾರ್ನ್ ಮಾಡಿ ನಿಧಾನವಾಗಿಯೇ ಸಾಗಿದರು. ಆದರೆ ಘಾಟ್‌ನಲ್ಲಿ ಕಣಿವೆ ನೋಡಲು ಕೊಟ್ಟ ಸಮಯ ತೀರಾ ಕಡಿಮೆಯಾಯಿತು. ಫೋಟೊ ತೆಗೆಯುವಷ್ಟರಲ್ಲಿ ಹತ್ತಿರಿ, ಹತ್ತಿರಿ ಎಂಬ ಅವಸರ ಶುರುವಾಯಿತು. ಕಿಟಕಿಯ ಗಾಜುಗಳನ್ನು ಒರೆಸಿರಲಿಲ್ಲ, ಬೆಟ್ಟ ನೋಡಲು ಹೊರಟ ವಾಹನಕ್ಕೆ ಇದು ಸಣ್ಣ ಕೊರತೆಯಲ್ಲ. ದಾರಿಯುದ್ದಕ್ಕೂ ಶೌಚಾಲಯದ ಸೌಕರ್ಯ ವಿರಳವಾದ್ದರಿಂದ, ವಯಸ್ಸಾದವರು ಜೊತೆಗಿದ್ದರೆ ಎಲ್ಲೆಲ್ಲಿ ನಿಲ್ಲಿಸುತ್ತಾರೆಂದು ಮುಂಗಡ ಕೊಡುವ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.