ಮಕ್ಕಳ ತೋಟದಾಟಕ್ಕೆ ಡುಪ್ಲೊ ತರುವುದೋ, ಮರದ ಬ್ಲಾಕುಗಳೋ?

ಮೂರು–ನಾಲ್ಕು ವರ್ಷದ ಮಗುವಿನ ಕೈಯಲ್ಲಿ ತೋಟ ಕಟ್ಟಿಸುವುದಾದರೆ ನನ್ನ ಮೊದಲ ಒಲವು ಲೆಗೊ ಡುಪ್ಲೊ ಕಡೆಗೆ. 1969ರಿಂದ ಮಾರುಕಟ್ಟೆಯಲ್ಲಿರುವ ಈ ಪ್ಲಾಸ್ಟಿಕ್ ಆಟದ ಇಟ್ಟಿಗೆ ಉದ್ದ, ಅಗಲ, ಎತ್ತರ ಮೂರರಲ್ಲೂ ಮಾಮೂಲಿ ಲೆಗೊದ ಇಮ್ಮಡಿ. ಪುಟ್ಟ ಬೆರಳಿಗೆ ಸುಲಭ, ನುಂಗುವ ಭಯವೂ ಕಡಿಮೆ. ಒಂದಕ್ಕೊಂದು ಕಚ್ಚಿಕೊಳ್ಳುವುದರಿಂದ ಹಸಿರು ಕಾಂಡದ ತುದಿಗೆ ಹಳದಿ ಇಟ್ಟರೆ ಸೂರ್ಯಕಾಂತಿ ನೆಟ್ಟಗೆ ನಿಲ್ಲುತ್ತದೆ. ಕುಂಡದಲ್ಲಿ ನಿಜವಾಗಿ ಮೊಳೆತ ಅವರೆ ಸಸಿಯ ಪಕ್ಕದಲ್ಲಿಟ್ಟು, ಅದು ಬೆಳೆದಂತೆ ಒಂದೊಂದೇ ಇಟ್ಟಿಗೆ ಏರಿಸುತ್ತ ಹೋದರೆ ಅಳತೆಯ ಪಾಠವೂ ಆಯಿತು. ಮಣ್ಣಾದರೆ ತೊಳೆಯಬಹುದು. ಬೆಲೆ ಮಾತ್ರ ಜೇಬಿಗೆ ಭಾರ.

ಮರದ ಬ್ಲಾಕುಗಳಲ್ಲಿ ಎತ್ತರದ ಗಿಡ ಕಟ್ಟಿದರೆ ತಟ್ಟನೆ ಉರುಳುತ್ತದೆ, ಮಗು ಮುನಿಯುತ್ತದೆ. ಆದರೆ ನೆಲದ ಮೇಲೆ ಪಾತಿ, ಬೇಲಿ, ಕಾಲುವೆ ಹಾಕಲು ಇವೇ ಮೇಲು; ನಡುವೆ ಉದುರಿದ ಎಲೆ, ಹೂವು ಜೋಡಿಸಬಹುದು. ನೀರು ತಾಗಿಸಬಾರದು. ಕೊಳ್ಳುವಾಗ ಚನ್ನಪಟ್ಟಣದ ಅರಗಿನ ಬಣ್ಣದ ಆಟಿಕೆಗಳನ್ನೂ ನೋಡಿ.

ಒಂಟಿ ಮಗುವಿಗೆ ಡುಪ್ಲೊ, ನಾಲ್ಕಾರು ಮಕ್ಕಳು ಸೇರುವ ಶಿಶುವಿಹಾರಕ್ಕೆ ಮರ ಎನ್ನುತ್ತೇನೆ. ತೋಟದ ಚಿತ್ರವಿರುವ ದುಬಾರಿ ಪೆಟ್ಟಿಗೆ ಎರಡರಲ್ಲೂ ಬೇಡ. ಹಸಿರು, ಹಳದಿ, ಕೆಂಪು ಸಾಕಷ್ಟಿದ್ದರಾಯಿತು.