ಮಳೆ ಲೆಕ್ಕಕ್ಕೆ ಒದಗಿದ ಹಳದಿ ಫೋನು: ನೋಕಿಯಾ 8110 4ಜಿ

ಸಿದ್ದಾಪುರದ ನಮ್ಮ ಮನೆಯಂಗಳದಲ್ಲಿ ಒಂದು ಮಳೆಮಾಪಕ ಇದೆ. ಹವಾಮಾನ ಇಲಾಖೆ ದಿನದ ಮಳೆಯನ್ನು ಎಣಿಸುವುದು ಬೆಳಿಗ್ಗೆ ಎಂಟೂವರೆಯಿಂದ ಎಂಟೂವರೆಗೆ. ಅಪ್ಪಯ್ಯನೂ ಸರಿಯಾಗಿ ಅದೇ ಹೊತ್ತಿಗೆ ಕೊಡೆ ಬಿಚ್ಚಿಕೊಂಡು ಅಂಗಳಕ್ಕೆ ಇಳಿಯುತ್ತಾರೆ. ವರ್ಷಗಟ್ಟಲೆ ಬರೆದ ನೋಟ್‌ಬುಕ್ಕುಗಳು ಕಪಾಟಿನಲ್ಲಿವೆ. ಮಲೆನಾಡಿನ ಥಂಡಿಗೆ ಎಷ್ಟೋ ಹಾಳೆಗಳಿಗೆ ಬೂಷ್ಟು ಹಿಡಿದು, ಶಾಯಿ ಹರಡಿ, ಅಂಕಿ ಕಾಣುವುದೇ ಇಲ್ಲ. 2019ರ ಬೇಸಿಗೆಯಲ್ಲಿ ನಾನು ನೋಕಿಯಾ 8110 4ಜಿ ತೆಗೆದುಕೊಂಡದ್ದು ಆ ನೋಟ್‌ಬುಕ್ಕುಗಳ ಸಲುವಾಗಿ. ಏಳು ಮಳೆಗಾಲ ಬಳಸಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ.

ಫೋನಿನ ಆಕಾರ ಬಾಳೆಹಣ್ಣಿನ ಹಾಗೆ ಬಾಗಿದೆ, ನಮ್ಮದರ ಬಣ್ಣವೂ ಹಳದಿ. 1996ರ ಹಳೆಯ 8110ರ ರೂಪವನ್ನೇ, ನೋಕಿಯಾ ಹೆಸರಿನಲ್ಲಿ ಫೋನು ತರುತ್ತಿದ್ದ ಎಚ್‌ಎಮ್‌ಡಿ ಗ್ಲೋಬಲ್ ಕಂಪನಿ 2018ರ ಫೆಬ್ರವರಿಯಲ್ಲಿ ಬಾರ್ಸಿಲೋನಾದಲ್ಲಿ ಮತ್ತೆ ತೋರಿಸಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಭಾರತಕ್ಕೆ ಬಂದಾಗ ಬೆಲೆ 5,999 ರೂಪಾಯಿ. 2.4 ಇಂಚಿನ ಪರದೆ, 512 ಎಂಬಿ ರ‍್ಯಾಮ್, 4 ಜಿಬಿ ಜಾಗ, ಬಿಚ್ಚಿ ತೆಗೆಯಬಹುದಾದ ಬ್ಯಾಟರಿ. ಮುಚ್ಚಳವನ್ನು ಕೆಳಗೆ ಜಾರಿಸಿದರೆ ಕರೆ ಸ್ವೀಕಾರ, ಮೇಲೆ ತಳ್ಳಿದರೆ ಕರೆ ಮುಗಿಯಿತು. ಅಡಿಕೆ ಸುಲಿಯುತ್ತ ಕುಳಿತವರಿಗೆ ಇದಕ್ಕಿಂತ ಸಲೀಸಾದದ್ದನ್ನು ನಾನು ಕಂಡಿಲ್ಲ. ಕ್ಯಾಮೆರಾ 2 ಮೆಗಾಪಿಕ್ಸೆಲ್. ಅದರ ಬಗ್ಗೆ ಹೇಳುವಂಥದ್ದು ಏನಿಲ್ಲ.

ಇದರ ನಿಜವಾದ ಬೆಲೆ ಇರುವುದು ಬಟನ್‌ಗಳಲ್ಲಿ. ಒದ್ದೆ ಬೆರಳಿಗೆ ಟಚ್ ಫೋನು ಜಗ್ಗುವುದಿಲ್ಲ. ಬಟನ್‌ಗೆ ಕೈ ಒದ್ದೆಯಾಗಿದ್ದರೂ ಒಂದೇ, ಒಣಗಿದ್ದರೂ ಒಂದೇ. ಮಳೆಯ ಮಿಲಿಮೀಟರ್ ಎಂದರೆ ಬರೀ ಅಂಕಿ ತಾನೆ? ಅಂಕಿಗಳು ಬಟನ್ ಮೇಲೆ ಅಚ್ಚಾಗಿಯೇ ಇವೆ. ಅದಕ್ಕೆ ನಾನೇ ಒಂದು ಸಣ್ಣ ಆ್ಯಪ್ ಬರೆದೆ. ತೆರೆದ ಕೂಡಲೇ ಇವತ್ತಿನ ತಾರೀಕು, ಕೆಳಗೆ ಖಾಲಿ ಮನೆ. 1, 4, 2 ಒತ್ತು, ದಶಾಂಶಕ್ಕೆ ನಕ್ಷತ್ರದ ಬಟನ್, ನಡುವಿನ ಬಟನ್ ಒತ್ತಿದರೆ ಉಳಿಯಿತು. ತಿಂಗಳ ಮೊತ್ತದ ಜೊತೆಗೆ ಮಳೆನಕ್ಷತ್ರದ ಮೊತ್ತವೂ ಬರುತ್ತದೆ, ಯಾಕೆಂದರೆ ನಮ್ಮೂರಲ್ಲಿ ಜೂನ್ ಮಳೆ ಎಷ್ಟಾಯಿತು ಎಂದು ಯಾರೂ ಕೇಳುವುದಿಲ್ಲ, ಆರಿದ್ರಾ ಮಳೆ ಎಷ್ಟಾಯಿತು ಎಂದು ಕೇಳುತ್ತಾರೆ.

ಇಂಥದ್ದನ್ನು ಬರೆಯಲು ಸಾಧ್ಯವಾದದ್ದು ಒಳಗಿರುವ ಕಾಯ್‌ಓಎಸ್‌ನಿಂದ, ಅಂದರೆ ಫೋನನ್ನು ನಡೆಸುವ ಮೂಲ ತಂತ್ರಾಂಶದಿಂದ. ಇದರ ಆ್ಯಪ್ ಎಂದರೆ ಎಚ್‌ಟಿಎಮ್‌ಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್ ಅಷ್ಟೆ. ವೆಬ್‌ಪುಟ ಮಾಡಲು ಬಂದರೆ ಆ್ಯಪ್ ಮಾಡಲೂ ಬಂತು. ಮೂಲ ಹುಡುಕಿದರೆ ಮೊಜಿಲ್ಲಾದ ಫೈರ್‌ಫಾಕ್ಸ್ ಓಎಸ್ ಸಿಗುತ್ತದೆ. 2014ರ ಆಗಸ್ಟ್‌ನಲ್ಲಿ 1,999 ರೂಪಾಯಿಗೆ ಆ ಓಎಸ್ ಇದ್ದ ಇಂಟೆಕ್ಸ್ ಕ್ಲೌಡ್ ಎಫ್‌ಎಕ್ಸ್ ಫೋನು ಬಂದಾಗ ನಾನು ಕಾಲೇಜಿನಲ್ಲಿದ್ದೆ. ಬಡವರ ಕೈಗೂ ವೆಬ್ ಎಟಕುತ್ತದೆ ಎಂದು ಎಷ್ಟು ಹಿಗ್ಗಿದ್ದೆವು! ಆದರೆ ಅದರಲ್ಲಿದ್ದ ರ‍್ಯಾಮ್ 128 ಎಂಬಿ, ಸಂಪರ್ಕ 2ಜಿ. 2015ರ ಡಿಸೆಂಬರ್‌ನಲ್ಲಿ ಮೊಜಿಲ್ಲಾ ಆ ದಾರಿ ಬಿಟ್ಟಿತು. ಬಿಟ್ಟ ಕೋಡನ್ನು ಎತ್ತಿಕೊಂಡು ಟಚ್ ತೆಗೆದು ಬಟನ್‌ಗೆ ಹೊಂದಿಸಿದ್ದೇ ಕಾಯ್‌ಓಎಸ್. ಆ ಹೊಂದಾಣಿಕೆಯನ್ನು ನಾನು ಇವತ್ತಿಗೂ ಮೆಚ್ಚುತ್ತೇನೆ.

ಬರೆಯುವ ಕೆಲಸ ಸುಲಭವಿರಲಿಲ್ಲ. ಒಳಗಿನ ಬ್ರೌಸರ್ ಎಂಜಿನ್ ಗೆಕೋ 48, ಹಳೆಯದು; ವೆಬ್ ಬರೆಯುವವರ ಈಗಿನ ಸಲೀಸು ದಾರಿಗಳು ಅದಕ್ಕೆ ತಿಳಿಯವು. ಅಸಿಂಕ್-ಅವೈಟ್ ಬರೆದರೆ ಅದಕ್ಕೆ ಅರ್ಥವಾಗದು, ಸಿಎಸ್‌ಎಸ್ ಗ್ರಿಡ್ ಗೊತ್ತಿಲ್ಲ. ಹಿಂದಕ್ಕೆ ಹೋಗುವ ಬಟನ್ ಒತ್ತಿದರೆ ಆ್ಯಪ್ಪೇ ಮುಚ್ಚಿಕೊಳ್ಳುತ್ತದೆ. ತಪ್ಪು ಅಂಕಿ ಅಳಿಸಲು ಅದೇ ಬಟನ್ ಬೇಕಾದ್ದರಿಂದ ಆ ನಡವಳಿಕೆಯನ್ನು ತಡೆದು ಬೇರೆ ಸಾಲು ಬರೆದೆ. ಎಲ್ಲಕ್ಕಿಂತ ಹೆಚ್ಚು ಹೊತ್ತು ತಿಂದದ್ದು ಕನ್ನಡದ ಒತ್ತಕ್ಷರ. ಪರದೆಯ ಅಗಲ 240 ಪಿಕ್ಸೆಲ್, ಎತ್ತರ 320. ಇಂಗ್ಲಿಷಿಗೆ ಸಾಕಾಗುವ ಸಾಲಿನೆತ್ತರದಲ್ಲಿ ‘ಆಶ್ಲೇಷ’ದ ಲ ಒತ್ತು, ‘ಉತ್ತರೆ’ಯ ತ ಒತ್ತು ಎರಡೂ ಕೆಳಗಡೆ ಕತ್ತರಿಸಿ ಹೋಗುತ್ತಿದ್ದವು. ನೋಟೋ ಸಾನ್ಸ್ ಕನ್ನಡ ಫಾಂಟನ್ನು ಆ್ಯಪಿನೊಳಗೇ ಇಟ್ಟು, ಸಾಲಿನೆತ್ತರವನ್ನು ಅಕ್ಷರದ ಒಂದೂಮುಕ್ಕಾಲು ಪಾಲಿಗೆ ಏರಿಸಿದ ಮೇಲೆ ಒತ್ತುಗಳು ಇಡಿಯಾಗಿ ಕಂಡವು. ಪರದೆಗೆ ಹಿಡಿಯುವ ಸಾಲು ಕಡಿಮೆಯಾಯಿತು. ಅಡ್ಡಿಯಿಲ್ಲ, ಅಕ್ಷರ ಮುರಿಯುವುದಕ್ಕಿಂತ ಅದೇ ವಾಸಿ.

ಅದನ್ನು ಫೋನಿಗೆ ಏರಿಸಲು ಯಾರ ಅನುಮತಿಯೂ ಬೇಕಾಗಲಿಲ್ಲ. ಇದೇ ಈ ಫೋನಿನ ದೊಡ್ಡ ಗುಣ. *#*#33284#*#* ಒತ್ತಿದರೆ ಮೇಲೆ ಒಂದು ಹುಳುವಿನ ಚಿತ್ರ ಮೂಡುತ್ತದೆ. ಡೆವಲಪರ್ ಬಾಗಿಲು ತೆರೆಯಿತು ಎಂದರ್ಥ. ಕಂಪ್ಯೂಟರಿಗೆ ಕೇಬಲ್ ಜೋಡಿಸಿ, ಹಳೆಯ ಫೈರ್‌ಫಾಕ್ಸ್‌ನಲ್ಲಿದ್ದ, ಫೋನಿಗೆ ಆ್ಯಪ್ ಕಳಿಸುವ ವೆಬ್‌ಐಡಿಇ ಎಂಬ ಸಲಕರಣೆ ತೆರೆದು ಆ್ಯಪ್ ಕಳಿಸಿದೆ. ಹೊಸ ಫೈರ್‌ಫಾಕ್ಸ್‌ನಲ್ಲಿ ವೆಬ್‌ಐಡಿಇ ಇಲ್ಲ, ಹಳೆಯ ಆವೃತ್ತಿಯನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು.

ಆದರೆ ಜನ ಇದ್ದದ್ದು ಬೇರೆ ಕಡೆ. ಕಾಯ್‌ಓಎಸ್ ನಮ್ಮ ದೇಶದಲ್ಲಿ ಮನೆಮನೆಗೆ ಹೋದದ್ದು 2017ರಲ್ಲಿ ಘೋಷಣೆಯಾದ ಜಿಯೋಫೋನಿನಿಂದ, 1,500 ರೂಪಾಯಿ ವಾಪಸ್ ಕೊಡುವ ಠೇವಣಿಯ ಮೇಲೆ. ಆ ಜನಸಂದಣಿ ಕಂಡೇ ದೊಡ್ಡವರೆಲ್ಲ ಬಂದರು. 2018ರ ಜೂನ್‌ನಲ್ಲಿ ಗೂಗಲ್ ಕಾಯ್‌ಓಎಸ್‌ಗೆ 2.2 ಕೋಟಿ ಡಾಲರ್ ಹೂಡಿತು. ಸೆಪ್ಟೆಂಬರ್‌ನಲ್ಲಿ ಜಿಯೋಫೋನಿಗೆ ವಾಟ್ಸಾಪ್ ಬಂತು, 8110ಕ್ಕೆ ಬಂದದ್ದು ಮರುವರ್ಷ. ಆದರೆ ಜಿಯೋಫೋನಿಗೆ ಆ್ಯಪ್ ಹೋಗುವುದು ಜಿಯೋದ್ದೇ ಆ್ಯಪ್ ಅಂಗಡಿಯಾದ ಜಿಯೋಸ್ಟೋರ್ ಮೂಲಕ. 8110ರ ಹಾಗೆ ನಂಬರ್ ಒತ್ತಿ ತೆರೆಯುವ ಬಾಗಿಲು ಅಲ್ಲಿಲ್ಲ. ಬಾಗಿಲು ತೆರೆದಿದ್ದ ಫೋನನ್ನು ಕೊಂಡವರು ಕಡಿಮೆ. ಕೋಟಿಗಟ್ಟಲೆ ಜನ ಕೊಂಡ ಫೋನಿನ ಬಾಗಿಲು ನಮ್ಮಂಥವರಿಗೆ ತೆರೆಯಲಿಲ್ಲ. ಕನ್ನಡದಲ್ಲಿ, ಊರಿನ ಅಗತ್ಯಕ್ಕೆ ತಕ್ಕ ಸಣ್ಣ ಆ್ಯಪ್‌ಗಳು ಅಲ್ಲಿ ನೂರಾರು ಹುಟ್ಟಬಹುದಿತ್ತು ಎಂದು ನಾನು ನಂಬುತ್ತೇನೆ. ಸಂಕಟವಾಗುವುದು ಅದಕ್ಕೇ. ಅಂಗಡಿಯಲ್ಲಿ ಆ್ಯಪ್ ಇಟ್ಟರೂ ಆದಾಯ ಬಹುಮಟ್ಟಿಗೆ ಜಾಹೀರಾತಿನಿಂದ ಬರಬೇಕಿತ್ತು. ಮಳೆ ಅಳೆಯುವವರಿಗೆ ಜಾಹೀರಾತು ತೋರಿಸಿ ಯಾರು ಬದುಕಿಯಾರು?

ಬೆಲೆಯೂ 8110ರ ಕಾಲಿಗೆ ತೊಡರಿತು. 2019ರ ಮಾರ್ಚ್‌ನಲ್ಲಿ ಆಂಡ್ರಾಯ್ಡ್ ಇರುವ ರೆಡ್‌ಮಿ ಗೋ 4,499ಕ್ಕೆ ಸಿಗುತ್ತಿದ್ದಾಗ 5,999 ಕೊಟ್ಟು ಬಟನ್ ಫೋನ್ ಕೊಳ್ಳಲು ನನ್ನ ಹಾಗೆ ಬೇರೆ ಕಾರಣ ಇರಬೇಕು. 2021ರಲ್ಲಿ ಜಿಯೋ ಕೂಡ ಆಂಡ್ರಾಯ್ಡ್ ಮೇಲೆಯೇ ಜಿಯೋಫೋನ್ ನೆಕ್ಸ್ಟ್ ತಂದಿತು. ಕಾಯ್‌ಓಎಸ್‌ಗೆ ವಾಟ್ಸಾಪ್ ಇಳಿಸಿಕೊಳ್ಳುವ ಅವಕಾಶ 2024ರಲ್ಲಿ ಹೋಯಿತು, ಬೆಂಬಲವೂ 2025ರ ಆರಂಭಕ್ಕೆ ಮುಗಿಯಿತು. ಆದ್ದರಿಂದ ವಾಟ್ಸಾಪ್ ಬೇಕೆನ್ನುವವರಿಗೆ ಈ ಫೋನನ್ನು ನಾನು ಹೇಳುವುದಿಲ್ಲ. ಯುಪಿಐ ಬೇಕೆನ್ನುವವರಿಗೂ ಬೇಡ.

ನಮ್ಮ ಮನೆಯಲ್ಲಿ ಅದರ ಕೆಲಸ ಕಡಿಮೆಯಾಗಿಲ್ಲ. ಕರೆ, ಎಫ್‌ಎಮ್, ಟಾರ್ಚು, ಮಳೆ. ಮೊದಲ ಸಲ ಪುಷ್ಯ ಮಳೆಯ ಮೊತ್ತ ಪರದೆಯ ಮೇಲೆ ಬಂದ ದಿನ ಅಪ್ಪಯ್ಯ ನೋಟ್‌ಬುಕ್ ತೆಗೆದು ಒಂದೊಂದೇ ಅಂಕಿ ಕೂಡಿಸಿ ತಾಳೆ ನೋಡಿದರು. ಎರಡೂ ಒಂದೇ ಬಂತು. “ಅಡ್ಡಿಲ್ಲೆ ಕೂಸೆ” ಅಂದರು. ನೋಟ್‌ಬುಕ್ ಬರೆಯುವುದನ್ನು ಮಾತ್ರ ಅವರು ಇನ್ನೂ ಬಿಟ್ಟಿಲ್ಲ, ಬಿಡಿ ಎಂದು ನಾನೂ ಹೇಳಿಲ್ಲ. ದೀಪಾವಳಿಗೆ ಊರಿಗೆ ಹೋದಾಗ ಫೋನಿನಿಂದ ವರ್ಷದ ಕಡತ ಕಾಪಿ ಮಾಡಿಕೊಂಡು ಬರುತ್ತೇನೆ.

ಸೆಕೆಂಡ್ ಹ್ಯಾಂಡ್ ಎಲ್ಲಿಯಾದರೂ ಕಂಡು ತೆಗೆದುಕೊಳ್ಳುವ ಮನಸ್ಸಾದರೆ, ಮೊದಲು ಮುಚ್ಚಳವನ್ನು ಹತ್ತಿಪ್ಪತ್ತು ಸಲ ಜಾರಿಸಿ ನೋಡಿ, ನಡುವೆ ಸಡಿಲವಾಗಬಾರದು. ಬ್ಯಾಟರಿ ಉಬ್ಬಿದೆಯೇ ಎಂದು ಹಿಂಬದಿ ಬಿಚ್ಚಿ ನೋಡಿ. ಆಮೇಲೆ ಅಂಗಡಿಯಲ್ಲೇ ನಿಂತು ಆ ನಂಬರ್ ಒತ್ತಿ. ಹುಳುವಿನ ಚಿತ್ರ ಬಂದರೆ ದುಡ್ಡು ಕೊಡಿ.